ಮಾತು ಬಿಟ್ಟ ಅಕ್ಕನ ಜೊತೆ ಸರೋವರಕ್ಕೆ

ನಮ್ಮ ಅಕ್ಕ ಮಾತು ಬಿಟ್ಟಳೆಂದರೆ ವಿಪರೀತ ಮಾತಾಡುತ್ತಾಳೆ!

ನಂಬಿಕೆ ಬರಲಿಲ್ಲವೇ? ಬರುವುದಿಲ್ಲ ಬಿಡಿ. ಮಾತು ಬಿಡುವುದೆಂದರೆ ಸುಮ್ಮನಿರುವುದು ಎಂದು ತಿಳಿದ ಸಾಮಾನ್ಯ ಜನ ನೀವು. ಫೋನ್ ಎತ್ತದೆ ಇರುವುದು, ಎದುರಿಗೆ ಸಿಕ್ಕರೆ ಮುಖ ತಿರುವುವುದು, ಇವೆಲ್ಲ ಒಂದನೇ ಇಯತ್ತೆಯ ಸಿಟ್ಟು. ನಮ್ಮಕ್ಕ ಆ ಇಯತ್ತೆ ದಾಟಿ ಬಹಳ ಕಾಲವಾಯಿತು. ಅವಳು ನನ್ನ ಜೊತೆ ಮಾತು ಬಿಟ್ಟ ಹದಿನಾಲ್ಕು ತಿಂಗಳಲ್ಲಿ ನನ್ನ ಶುಗರ್ ವಿಚಾರಿಸಿದ್ದಾಳೆ, ನನ್ನ ಹೊಟ್ಟೆಯ ಸುತ್ತಳತೆಯನ್ನು ಟೀಕಿಸಿದ್ದಾಳೆ, ನಾನು ಕೊಂಡ ಕಾರಿನ ಬಣ್ಣವನ್ನು ಹೀಗಳೆದಿದ್ದಾಳೆ, ಎರಡು ಸಲ ಉಪ್ಪಿನಕಾಯಿ ಕಳಿಸಿದ್ದಾಳೆ. ಒಂದೇ ವ್ಯತ್ಯಾಸವೆಂದರೆ ಇದರಲ್ಲಿ ಒಂದು ಅಕ್ಷರವನ್ನೂ ನನಗೆ ಹೇಳಿಲ್ಲ. ತನ್ನ ಗಂಡನಿಗೆ ಹೇಳಿದ್ದಾಳೆ, ಮಗಳಿಗೆ ಹೇಳಿದ್ದಾಳೆ, ನನ್ನ ಹೆಂಡತಿಗೆ ಹೇಳಿದ್ದಾಳೆ, ಒಮ್ಮೆ ಹೋಟೆಲಿನ ಮಾಣಿಗೆ ಹೇಳಿದ್ದಾಳೆ. ಇನ್ನೊಮ್ಮೆ, ದೇವರಾಣೆ, ಐಸ್ ತುಂಬಿದ ಒಂದು ಪೆಟ್ಟಿಗೆಗೆ ಹೇಳಿದ್ದಾಳೆ. ಆ ಪೆಟ್ಟಿಗೆಯ ಕಥೆಗೆ ಆಮೇಲೆ ಬರುತ್ತೇನೆ.

ಅಕ್ಕ ಡಾಲಸ್ಸಿನಲ್ಲಿ ಡಾಕ್ಟರು. ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಮೂವತ್ತು ವರ್ಷದಿಂದ ಟೆಕ್ಸಸ್ಸಿನ ಜನರನ್ನು ಮಲಗಿಸಿ, ಮತ್ತೆ ಎಬ್ಬಿಸಿ, ಮನೆಗೆ ಕಳಿಸುತ್ತ ಬಂದಿದ್ದಾಳೆ. ನಾನು ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಒಬ್ಬನೇ ತಮ್ಮ. ಹ್ಯೂಸ್ಟನ್ನಿನಲ್ಲಿದ್ದೇನೆ. ಮನೆ ಸೈಪ್ರೆಸ್ ಎಂಬ ಉಪನಗರದಲ್ಲಿ, ಕೆಲಸ ಎನರ್ಜಿ ಕಾರಿಡಾರಿನ ಒಂದು ಎಣ್ಣೆ ಕಂಪನಿಯಲ್ಲಿ. ಕೊಳವೆಯೊಳಗಿನ ಒತ್ತಡ ಲೆಕ್ಕ ಹಾಕುವುದು ನನ್ನ ಕಸುಬು. ಇದನ್ನು ನೆನಪಿಟ್ಟುಕೊಂಡು ಮುಂದೆ ನಗಬೇಕು ಎಂದು ಕೇಳಿಕೊಳ್ಳುತ್ತೇನೆ.

ಆದರೆ ಟೆಕ್ಸಸ್ಸಿನ ಕನ್ನಡಿಗರಿಗೆ ನಾನು ಗೊತ್ತಿರುವುದು ಕೊಳವೆಯಿಂದಲ್ಲ, ಮೈಕಿನಿಂದ. ಯುಗಾದಿ ಇರಲಿ, ಗಣಪತಿ ಇರಲಿ, ಯಾರದೋ ಮಗನ ಉಪನಯನ ಇರಲಿ, ನಿರೂಪಣೆಗೆ ನಾನೇ. ಯಾರೂ ಕರೆಯದಿದ್ದರೂ ನಾನೇ. ಬೆಲ್ಲ ಕಂಡ ಇರುವೆಗೆ ಏನಾಗುತ್ತದೋ ಮೈಕ್ ಕಂಡ ನನಗೆ ಅದೇ ಆಗುತ್ತದೆ. ಮಕ್ಕಳು ನನ್ನನ್ನು ‘ಜೋಕ್ ಅಂಕಲ್’ ಎಂದು ಕರೆಯುತ್ತವೆ. ಅದನ್ನು ನಾನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ!

ಅಂಥ ನನ್ನ ಕೈಗೆ ಭಾವನವರ ಅರವತ್ತರ ಶಾಂತಿಯ ದಿನ ಮೈಕ್ ಕೊಟ್ಟಿದ್ದು ಯಾರ ತಪ್ಪು? ಡಾಲಸ್ಸಿನ ಸಭಾಂಗಣದಲ್ಲಿ ಇನ್ನೂರು ಜನ. ನಾನು ಅಕ್ಕನ ಹಳೆಯ ಕಥೆಯೊಂದನ್ನು ಎತ್ತಿಕೊಂಡೆ. ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಐದನೇ ಇಯತ್ತೆ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ತಿಂಗಳಿಗೊಮ್ಮೆ ಎದುರುಮನೆಯ ವಕೀಲರ ಮನೆಗೆ ಅಕ್ಕನ ಫೋನ್ ಬರುತ್ತಿತ್ತು, ಎಣಿಸಿ ಮೂರು ನಿಮಿಷ. ಅದರಲ್ಲಿ ಅಪ್ಪ ಅರ್ಧ ನಿಮಿಷ ‘ಕೇಳಸ್ತದೇನು? ಕೇಳಸ್ತದೇನು?’ ಎಂದು ಕೂಗುವುದು, ಅವ್ವ ಅರ್ಧ ನಿಮಿಷ ಮೂಗು ಒರೆಸಿಕೊಳ್ಳುವುದು. ಉಳಿದ ಎರಡು ನಿಮಿಷ ಫೋನ್ ನನ್ನ ಕೈಗೆ. ನಾನು ಹಲೋ ಎಂದರೆ ಆ ಕಡೆ ಅಕ್ಕ ಗಪ್‌ಚಿಪ್! ಒಂದು ಮಾತಿಲ್ಲ, ಕತೆಯಿಲ್ಲ. ಎರಡು ನಿಮಿಷ ಸುಮ್ಮನೆ ಇದ್ದು ಫೋನ್ ಇಟ್ಟುಬಿಡುತ್ತಿದ್ದಳು.

ಇದನ್ನು ನಾನು ವೇದಿಕೆಯ ಮೇಲೆ ಅಭಿನಯಿಸಿ ತೋರಿಸಿದೆ. ಕಿವಿಗೆ ಕೈ ಇಟ್ಟುಕೊಂಡು, ಕಣ್ಣು ಪಿಳಿಪಿಳಿ ಬಿಡುತ್ತ, ಬಾಯಿ ಹೊಲಿದುಕೊಂಡ ಅಕ್ಕನಾದೆ. ಆಮೇಲೆ ಮೈಕಿನಲ್ಲಿ, ‘ಸಮುದ್ರದಾಚೆಯಿಂದ ಫೋನ್ ಮಾಡಿ ಸುಮ್ಮನಿದ್ದ ಏಕೈಕ ಕನ್ನಡತಿ ನಮ್ಮಕ್ಕ! ಆಗ ಉಳಿಸಿಟ್ಟ ಮಾತನ್ನೆಲ್ಲ ಪಾಪ, ಈಗ ಭಾವನವರ ಮೇಲೆ ಖರ್ಚು ಮಾಡಲಿಕ್ಕೆ ಹತ್ಯಾಳ!’ ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಾಲಿನಲ್ಲಿದ್ದ ಅಕ್ಕ ಮಾತ್ರ ನಗಲಿಲ್ಲ. ನನ್ನ ಬುದ್ಧಿ ನೋಡಿ, ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಿದೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಬೆಳಿಗ್ಗೆ ನಾನು ಹ್ಯೂಸ್ಟನ್ನಿಗೆ ಹೊರಟು ನಿಂತಾಗ ಅಕ್ಕ ಅಡುಗೆಮನೆಯಿಂದ ಒಂದು ಡಬ್ಬಿ ತಂದಳು. ನನ್ನಿಂದ ಎರಡು ಅಡಿ ದೂರದಲ್ಲಿ ನಿಂತು ಭಾವನವರ ಕಡೆ ತಿರುಗಿದಳು.

‘ಏನ್ರಿ, ಹ್ಯೂಸ್ಟನ್ನಿನವರಿಗೆ ಹೇಳ್ರಿ, ಡಬ್ಬಿಯೊಳಗ ಅವಲಕ್ಕಿ ಅದ, ದಾರಿಯೊಳಗ ತಿನ್ನಬೇಕಂತ.’

ನಾನು ಹಿಂದೆ ತಿರುಗಿ ನೋಡಿದೆ, ಹ್ಯೂಸ್ಟನ್ನಿನಿಂದ ಇನ್ನಾರು ಬಂದಿದ್ದಾರೆ ಎಂದು. ಯಾರೂ ಇರಲಿಲ್ಲ. ಭಾವನವರು ಸಂಕೋಚದಿಂದ ಕೆಮ್ಮಿ, ‘ಡಬ್ಬಿಯೊಳಗ ಅವಲಕ್ಕಿ ಅದಂತಪಾ,’ ಎಂದರು. ಅಂದಿನಿಂದ ನಾನು ಬಹುವಚನವಾದೆ.

ಆಮೇಲೆ ಶುರುವಾಯಿತು ನೋಡಿ. ವಾರಕ್ಕೊಮ್ಮೆ ನನ್ನ ಹೆಂಡತಿಗೆ ಅಕ್ಕನ ಫೋನು. ಹೆಂಡತಿ ಮೈಸೂರಿನವಳು, ಈ ಹುಬ್ಬಳ್ಳಿ ವಿದ್ಯೆ ಅವಳಿಗೆ ಹೊಸದು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿ, ‘ರೀ, ವಾಕಿಂಗ್ ಹೋಗ್ತಿದ್ದೀರಾ ಅಂತ ಕೇಳ್ತಿದಾರೆ,’ ಎನ್ನುತ್ತಾಳೆ. ನಾನು ಹೌದು ಎನ್ನುತ್ತೇನೆ. ‘ಸುಳ್ಳು ಅಂತಿದಾರೆ,’ ಎನ್ನುತ್ತಾಳೆ. ಒಮ್ಮೆ ಅವಳು ಸ್ನಾನಕ್ಕೆ ಹೋಗಿದ್ದಾಗ ಫೋನ್ ನಾನೇ ಎತ್ತಿದೆ. ನನ್ನ ದನಿ ಕೇಳಿದ್ದೇ ತಡ, ಅಕ್ಕ ಗಂಭೀರವಾಗಿ ‘ರಾಂಗ್ ನಂಬರ್’ ಎಂದಳು. ಇಡಬೇಕಲ್ಲವೇ? ಇಡಲಿಲ್ಲ! ಒಂದು ಕ್ಷಣ ಬಿಟ್ಟು, ‘ರಾಂಗ್ ನಂಬರಿನವರದು ಊಟ ಆಗೇದೇನು?’ ಎಂದು ಕೇಳಿದಳು. ಆಗಿದೆ ಎಂದೆ. ‘ಹಂಗಾರ ಇಡ್ತೀವಿ,’ ಎಂದು ಇಟ್ಟಳು.

ಇನ್ನೊಮ್ಮೆ ಅಕ್ಕ-ಭಾವ ಸೀರೆ ಕೊಳ್ಳಲು ಹ್ಯೂಸ್ಟನ್ನಿಗೆ ಬಂದಾಗ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯರ ಪೇಟೆಯ ಒಂದು ಹೋಟೆಲಿನಲ್ಲಿ ಕೂತಿದ್ದೆವು. ಒಂದೇ ಮೇಜು. ನಾನು ಮಿರ್ಚಿ ಭಜಿ ಎಂದೆ. ಅಕ್ಕ ಮಾಣಿಯನ್ನು ಹತ್ತಿರ ಕರೆದು ತನ್ನ ಹುಬ್ಬಳ್ಳಿ ಹಿಂದಿಯಲ್ಲಿ, ‘ಉನ್ಕೋ ಮಿರ್ಚಿ ಮತ್ ದೇನಾ, ಆ್ಯಸಿಡಿಟಿ ಹೈ,’ ಎಂದಳು. ಮಾಣಿ ಗಲಿಬಿಲಿಗೊಂಡು, ‘ಆಪ್ ಲೋಗ್ ಸಾಥ್ ಹೈಂ?’ ನೀವೆಲ್ಲ ಒಟ್ಟಿಗೆ ಬಂದವರೇ ಎಂದು ಕೇಳಿದ. ‘ನಹೀಂ’ ಎಂದಳು ಅಕ್ಕ, ನನ್ನ ತಟ್ಟೆಗೆ ತನ್ನ ಇಡ್ಲಿ ದಾಟಿಸುತ್ತ.

ನಗುನಗುತ್ತ ಹೇಳುತ್ತಿದ್ದೇನೆ. ಆದರೆ ಒಳಗೊಳಗೆ ನನಗೆ ಸಂಕಟವಾಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಪ್ಪ, ಅವ್ವ ಇಬ್ಬರೂ ಹೋಗಿಯಾಗಿದೆ. ನನ್ನನ್ನು ‘ನೀ’ ಎಂದು ಕರೆದು ಬೈಯುವವರು ಈ ಭೂಮಿಯ ಮೇಲೆ ಉಳಿದಿದ್ದದ್ದು ಅಕ್ಕ ಒಬ್ಬಳೇ. ಅವಳ ಬಾಯಿಂದ ಆ ‘ನೀ’ ಬಂದು ವರ್ಷದ ಮೇಲಾಗಿತ್ತು. ಬಹುವಚನದಲ್ಲಿ ಎಷ್ಟು ಉಪಚಾರ ಮಾಡಿದರೇನು?

ಹಾಗಾದರೆ ಕ್ಷಮೆ ಕೇಳಬೇಕಾಗಿತ್ತಪ್ಪ, ಎನ್ನುತ್ತೀರಿ. ಕೇಳಲಿಲ್ಲವೇ? ಒಂದು ಇಮೇಲ್ ಬರೆಯಲು ಕೂತೆ. ಮೂರನೇ ಸಾಲಿಗೆ ಒಂದು ಜೋಕ್ ಬಂತು. ಜೋಕ್ ಚೆನ್ನಾಗಿದೆ ಅನಿಸಿತು, ಇನ್ನೆರಡು ಸೇರಿಸಿದೆ. ಕೊನೆಗೆ ನೋಡಿದರೆ ಕ್ಷಮೆ ಎಲ್ಲೂ ಇರಲಿಲ್ಲ, ಜೋಕ್ ಮಾತ್ರ ಇದ್ದವು. ಅಳಿಸಿಹಾಕಿದೆ. ಮುಖತಃ ಹೇಳೋಣವೆಂದು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಡಾಲಸ್ಸಿಗೆ ಹೋದೆ. ಬಾಗಿಲಲ್ಲಿ ಅಕ್ಕನ ಮುಖ ನೋಡಿದೊಡನೆ ಸೀದಾ ಹಿತ್ತಲಿಗೆ ನಡೆದೆ. ಭಾವನವರಿಗೆ ಹುಲ್ಲಿಗೆ ಯಾವ ಗೊಬ್ಬರ ಹಾಕಬೇಕೆಂದು ಒಂದು ತಾಸು ಉಪನ್ಯಾಸ ಕೊಟ್ಟು ವಾಪಸ್ ಬಂದೆ. ಇನ್ನೂರು ಜನರ ಮುಂದೆ ಒಂದು ಗಂಟೆ ಮಾತಾಡಬಲ್ಲೆ, ಒಬ್ಬ ಅಕ್ಕನ ಮುಂದೆ ‘ತಪ್ಪಾತು’ ಎನ್ನುವ ಒಂದು ಮಾತು ಹೊರಡದು! ಇಂಥವನಿಗೆ ವಾಗ್ಮಿ ಎಂದು ಶಾಲು ಹೊದಿಸಿದ್ದಾರೆ, ಒಂದಲ್ಲ, ಮೂರು.

ಕೊನೆಗೆ ಆಸ್ಟಿನ್ನಿನಲ್ಲಿ ಕೆಲಸ ಮಾಡುವ ಅಕ್ಕನ ಮಗಳು ಎದ್ದು ನಿಂತಳು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಮಾಮಾ, ಯು ಟೂ ಆರ್ ರಿಡಿಕ್ಯುಲಸ್,’ ಎಂದು ನನಗೆ ಫೋನಿನಲ್ಲಿ ಬೈದು, ಮುಂದಿನ ಲಾಂಗ್ ವೀಕೆಂಡಿಗೆ ಮೂರು ದಿನದ ಪ್ರವಾಸ ಗೊತ್ತುಮಾಡಿದಳು. ಡಾಲಸ್ಸಿನಿಂದ ಕೊಲರಾಡೊ. ಬೆಟ್ಟದ ಮೇಲೆ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಒಂದು ಸರೋವರ. ಒಂದೇ ಕಾರು. ಒಂದೇ ಹಿಂದಿನ ಸೀಟು. ಆ ಸರೋವರದ ಹೆಸರು ನಾನು ಹೇಳುವುದಿಲ್ಲ. ಅಲ್ಲಿ ನಾವು ಮಾಡಿದ ಗಲೀಜಿನ ಗುರುತು ಇನ್ನೂ ಇರಬಹುದು ಎಂಬ ಹೆದರಿಕೆ ನನಗಿದೆ.

ಹೆಂಡತಿಯನ್ನೂ ಕರೆದೆ. ‘ನಾನು ಬರಲ್ಲಪ್ಪ. ನಿಮ್ಮಿಬ್ಬರ ಮಧ್ಯೆ ಟೆಲಿಫೋನ್ ಎಕ್ಸ್‌ಚೇಂಜ್ ಆಗಿ ವರ್ಷ ಆಯ್ತು, ನನಗೂ ರಜ ಬೇಡ್ವಾ?’ ಎಂದು ಕೈಮುಗಿದಳು.

ನಾನು ತಯಾರಿ ನಡೆಸಿದೆ. ಹ್ಯೂಸ್ಟನ್ನಿನಲ್ಲಿ ಎತ್ತರ ಎಂದರೆ ಫ್ಲೈಓವರ್. ಅದನ್ನು ಬಿಟ್ಟರೆ ಆಫೀಸಿನ ಪಾರ್ಕಿಂಗ್ ಗ್ಯಾರೇಜಿನ ಐದನೇ ಮಹಡಿ. ಎರಡು ವಾರ ಆ ಮಹಡಿಯನ್ನು ಹತ್ತಿ ಇಳಿದೆ. ಪರ್ವತಾರೋಹಿಗಳು ಹಾಕುವಂಥ ಹಳದಿ ಜಾಕೆಟ್ಟು, ಎರಡು ಊರುಗೋಲು, ಹಣೆಗೆ ಕಟ್ಟುವ ದೀಪ ಎಲ್ಲ ಕೊಂಡೆ. ಹಗಲು ಹೋಗುವ ಸರೋವರಕ್ಕೆ ಹಣೆಯ ದೀಪ ಯಾಕೆ ಎಂದು ಕೇಳಬೇಡಿ, ಹೆಂಡತಿ ಕೇಳಿಯಾಗಿದೆ.

ಡಾಲಸ್ಸಿನಿಂದ ಬೆಳಗಾಗುವ ಮೊದಲೇ ಹೊರಟೆವು. ಅಕ್ಕನ ಮಗಳು ಡ್ರೈವಿಂಗ್, ಪಕ್ಕದಲ್ಲಿ ಭಾವನವರು. ಹಿಂದೆ ಒಂದು ಕಿಟಕಿಗೆ ಅಕ್ಕ, ಇನ್ನೊಂದು ಕಿಟಕಿಗೆ ನಾನು, ನಡುವೆ ಗಡಿರೇಖೆಯ ಹಾಗೆ ಐಸ್ ತುಂಬಿದ ಕೂಲರ್. ಅದರಲ್ಲಿ ಮೊಸರು, ಹಣ್ಣು. ಅದರ ಮೇಲೆ ಬುತ್ತಿಯ ಗಂಟು: ಖಡಕ್ ರೊಟ್ಟಿ, ಎಣ್ಣೆಗಾಯಿ, ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತುಂಬ ಶೇಂಗಾ ಚಟ್ನಿಪುಡಿ. ಪುಡಿ ಚೆಲ್ಲಬಾರದೆಂದು ಅಕ್ಕ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿ ಸುತ್ತಲೂ ಟೇಪ್ ಹಚ್ಚಿದ್ದಳು. ಆಪರೇಷನ್ ಥಿಯೇಟರಿನ ಟೇಪ್!

ಮೊದಲ ಐದು ಗಂಟೆ ಸುಸೂತ್ರ. ‘ಹ್ಯೂಸ್ಟನ್ನಿನವರಿಗೆ ಹೇಳ್ರಿ ಸೀಟ್ ಬೆಲ್ಟ್,’ ‘ಹ್ಯೂಸ್ಟನ್ನಿನವರಿಗೆ ಹೇಳ್ರಿ ಕಾಲು ನೀಡ್ಕೊಬೇಕಂತ.’ ಭಾವನವರು ನಿಷ್ಠೆಯಿಂದ ರವಾನಿಸುತ್ತಿದ್ದರು. ಅಮರಿಲ್ಲೊ ಹತ್ತಿರ ಬರುವಷ್ಟರಲ್ಲಿ ಅವರಿಗೆ ನಿದ್ದೆ ಬಂತು. ಆಯಿತಲ್ಲ, ತಂತಿ ಕಡಿದುಹೋಯಿತು! ಮಗಳಿಗೆ ಹೇಳೋಣವೆಂದರೆ ಅವಳು ಕಿವಿಯಲ್ಲಿ ಹಾಡು ತುರುಕಿಕೊಂಡಿದ್ದಾಳೆ. ಅಕ್ಕ ಸ್ವಲ್ಪ ಹೊತ್ತು ಚಡಪಡಿಸಿದಳು. ಆಮೇಲೆ ಕೂಲರಿನ ಕಡೆ ಬಗ್ಗಿದಳು.

‘ಇಲ್ಲೆ ಯಾರಿಗರ ಚಕ್ಕಲಿ ಬೇಕಾಗಿದ್ರ, ಡಬ್ಬಿ ತೆರೆದದ ನೋಡಪಾ,’ ಎಂದಳು ಕೂಲರಿಗೆ.

ನಾನೂ ಕಮ್ಮಿಯವನೇ? ಕೂಲರಿಗೆ ಹೇಳಿದೆ: ‘ಬೇಕಾಗ್ಯದಂತ ಹೇಳಪಾ.’

‘ಎರಡ ತಿನ್ನಬೇಕಂತ ಹೇಳು. ಶುಗರ್ ಅದ.’

‘ಚಕ್ಕಲಿಯೊಳಗ ಸಕ್ರಿ ಇರೂದಿಲ್ಲಂತ ಹೇಳು.’

‘ಡಾಕ್ಟರ್ ಯಾರಂತ ಕೇಳು!’

ಕೂಲರ್ ಇಬ್ಬರ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡಿತು. ಮುಂದಿನ ಕನ್ನಡಿಯಲ್ಲಿ ಮಗಳ ಕಣ್ಣು ದೊಡ್ಡವಾದವು. ಕಿವಿಯ ತಂತಿ ಕಿತ್ತು, ‘ಓ ಮೈ ಗಾಡ್! ಅಮ್ಮಾ, ಹೀ ಈಸ್ ರೈಟ್ ದೇರ್!’ ಎಂದು ಕಿರುಚಿದಳು. ಭಾವನವರು ಎಚ್ಚೆತ್ತು, ‘ಏನಂತ ಹೇಳಬೇಕು?’ ಎಂದು ನನ್ನ ಕಡೆ ತಿರುಗಿದರು. ಪಾಪ, ಅಭ್ಯಾಸ.

ಆ ಸಂಜೆ ಬೆಟ್ಟದ ಬುಡದ ಮೋಟೆಲಿನಲ್ಲಿ ಭಾವನವರು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಮಿತಭಾಷಿ ಮನುಷ್ಯ. ಅಕ್ಕನನ್ನು ಕಟ್ಟಿಕೊಂಡವರು ಇನ್ನು ಹೇಗಿರಲು ಸಾಧ್ಯ? (ನೋಡಿದಿರಾ, ಇಲ್ಲೂ ಒಂದು ಜೋಕ್ ತುರುಕಿದೆ. ಇದೇ ನನ್ನ ರೋಗ.) ‘ನಾಳೆ ಮುಗೀತು, ನಾಡದು ವಾಪಸ್,’ ಎಂದರು. ‘ನಾಳೆ ಒಳಗ ನೀ ತಪ್ಪಾತು ಅನ್ನಲಿಲ್ಲಂದ್ರ ಮುಂದ ಆಗೂದಿಲ್ಲಪಾ. ಆಕಿಗೂ ಹಿಂಗ ಇರೂದು ರೂಢಿ ಆಗಲಿಕ್ಕೆ ಹತ್ತೇದ. ರೂಢಿ ಆತಂದ್ರ ಮುಗೀತು.’ ಆ ಮಾತು ನನ್ನನ್ನು ಚುಚ್ಚಿತು. ರಾತ್ರಿ ಮಲಗುವ ಮೊದಲು ಕನ್ನಡಿಯ ಮುಂದೆ ನಿಂತು ‘ತಪ್ಪಾತು ಅಕ್ಕಾ’ ಎಂದು ನಾಲ್ಕು ಸಲ ಹೇಳಿ ನೋಡಿದೆ. ನಾಲ್ಕನೇ ಸಲ ಅಭಿನಯ ಜಾಸ್ತಿಯಾಯಿತು ಅನಿಸಿ ಬಿಟ್ಟೆ.

ಮರುದಿನ ಕಾರು ನಿಲ್ಲಿಸಿದಲ್ಲಿಂದ ಸರೋವರಕ್ಕೆ ಒಂದೂವರೆ ಮೈಲಿ ಕಾಲುದಾರಿ, ಎಲ್ಲ ಏರು. ಅಕ್ಕ ಸೀರೆ ಉಟ್ಟು, ಸ್ಪೋರ್ಟ್ಸ್ ಶೂ ಹಾಕಿ, ಮಂಕಿ ಟೋಪಿ ಏರಿಸಿ ಹೊರಟಳು. ಹತ್ತು ಹೆಜ್ಜೆಗೊಮ್ಮೆ ನಿಂತು ನೀರು ಕುಡಿಯುವುದು ಅವಳ ಕ್ರಮ. ‘ಹ್ಯೂಸ್ಟನ್ನಿನವರಿಗೆ ಹೇಳ್ರಿ, ನಿಧಾನ ಹತ್ತಬೇಕು. ಇಲ್ಲೆ ಗಾಳಿ ಕಡಿಮಿ ಇರ್ತದ.’ ನನಗೆ ಹೇಳುತ್ತಾರೆಯೇ? ಐದು ಮಹಡಿಯ ಸರದಾರನಿಗೆ? ಎರಡು ಊರುಗೋಲು ಕುಟ್ಟುತ್ತ ಎಲ್ಲರನ್ನೂ ಹಿಂದೆ ಹಾಕಿದೆ. ಅರ್ಧ ಮೈಲಿಯಲ್ಲಿ ಎಪ್ಪತ್ತರ ಅಜ್ಜಿಯೊಬ್ಬರು ನನ್ನನ್ನು ದಾಟಿ ಹೋದರು. ಮುಕ್ಕಾಲು ಮೈಲಿಯಲ್ಲಿ ಮೂರು ಕಾಲಿನ ನಾಯಿಯೊಂದು ದಾಟಿತು. ಅದಾದ ಮೇಲೆ ನಾನು ‘ಫೋಟೊ ತೆಗೆಯುವವನಂತೆ’ ಹೆಜ್ಜೆಗೊಮ್ಮೆ ನಿಂತೆ. ನನ್ನ ಫೋನಿನಲ್ಲಿ ಈಗಲೂ ಒಂದೇ ಕಲ್ಲಿನ ಇಪ್ಪತ್ತು ಫೋಟೊಗಳಿವೆ.

ಮೇಲೆ ಹೋಗಿ ಮುಟ್ಟಿದಾಗ ಎದುರಿಗೆ ಸರೋವರ. ಏನು ಹೇಳಲಿ? ಸುತ್ತ ಮೂರು ಕಡೆ ಬೆಟ್ಟ, ಬೇಸಿಗೆಯಲ್ಲೂ ಸಂದುಗಳಲ್ಲಿ ಹಿಮ, ನಡುವೆ ಹಸಿರೂ ನೀಲಿಯೂ ಕೂಡಿದ ನೀರು, ಗಾಳಿ ನಿಂತಾಗ ಬೆಟ್ಟಗಳು ತಲೆಕೆಳಗಾಗಿ ಅದರಲ್ಲಿ ನಿಲ್ಲುತ್ತಿದ್ದವು. ಸದಾ ಮಾತಿರುವ ನನ್ನಲ್ಲೂ ಮಾತಿರಲಿಲ್ಲ. ಉಸಿರು ಇರಲಿಲ್ಲ ಎನ್ನುವುದು ಒಂದು ಕಾರಣ. ಭಾವನವರು ಸೊಂಟದ ಮೇಲೆ ಕೈಯಿಟ್ಟು ಐದು ನಿಮಿಷ ನೋಡಿ, ‘ಛಲೋ ಅದ. ಆದ್ರ ನಮ್ಮ ಉಣಕಲ್ ಕೆರಿ ಇದಕ್ಕಿಂತ ಅಗಲ ಅದ ನೋಡು,’ ಎಂದರು. ಹುಬ್ಬಳ್ಳಿ ಬಿಟ್ಟು ಮೂವತ್ತೈದು ವರ್ಷವಾದ ಮನುಷ್ಯ!

ಒಂದು ಚಪ್ಪಟೆ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಈಗ ಹೇಳಿಬಿಡಬೇಕು, ತಪ್ಪಾತು ಅನ್ನಬೇಕು ಎಂದುಕೊಂಡೆ. ಕೈಗೆ ಏನಾದರೂ ಕೆಲಸ ಬೇಕಲ್ಲ, ಚಟ್ನಿಪುಡಿಯ ಡಬ್ಬಿ ಎತ್ತಿಕೊಂಡು ಟೇಪ್ ಕೀಳತೊಡಗಿದೆ. ಡಬ್ಬಿ ಯಾಕೋ ದುಂಡಗಾದ ಹಾಗಿತ್ತು. ಡಾಲಸ್ಸಿನ ಗಾಳಿ ಒಳಗೆ, ಹನ್ನೊಂದು ಸಾವಿರ ಅಡಿಯ ತೆಳ್ಳನೆಯ ಗಾಳಿ ಹೊರಗೆ. ಇಪ್ಪತ್ತು ವರ್ಷದಿಂದ ಒತ್ತಡದ ಲೆಕ್ಕ ಹಾಕಿ ಸಂಬಳ ತೆಗೆದುಕೊಳ್ಳುವ ಇಂಜಿನಿಯರು ನಾನು. ಡಬ್ಬಿಯನ್ನು ಮುಖದ ಹತ್ತಿರ ತಂದುಕೊಂಡು ಮುಚ್ಚಳಕ್ಕೆ ಉಗುರು ಹಾಕಿದೆ.

ಅಕ್ಕ ನೋಡಿದಳು. ನೋಡಿದವಳು ‘ಏ, ನಿಲ್ಲು’ ಎನ್ನಬೇಕಲ್ಲ? ಮಾತು ಬಿಟ್ಟಿದ್ದಾಳೆ, ಹೇಗೆ ಅನ್ನುತ್ತಾಳೆ! ‘ಏನ್ರಿ! ಏನ್ರಿ! ಹ್ಯೂಸ್ಟನ್ನಿನವರಿಗೆ ಹೇಳ್ರಿ, ಡಬ್ಬಿ ಉಬ್ಬ್ಯದ, ದೂರ ಹಿಡೀಬೇಕಂತ!’

ಭಾವನವರು ನೀರಿನ ಹತ್ತಿರ ಫೋಟೊ ತೆಗೆಯುತ್ತಿದ್ದರು. ನಿಧಾನವಾಗಿ ತಿರುಗಿದರು. ‘ಆಕಿ ಏನಂತಾಳಂದ್ರಪಾ, ಆ ಡಬ್ಬಿ…’

ಢಬ್ಬ್!

ಅರ್ಧ ಕಿಲೊ ಶೇಂಗಾ ಚಟ್ನಿಪುಡಿ ನನ್ನ ಮುಖದ ಮೇಲೆ, ಕನ್ನಡಕದ ಮೇಲೆ, ಹಳದಿ ಜಾಕೆಟ್ಟಿನ ಮೇಲೆ. ಉಳಿದದ್ದು ಬಂಡೆಯ ಮೇಲೆಲ್ಲ. ಅತ್ತ ಕಡೆ ಕೂತಿದ್ದ ಒಬ್ಬ ಅಮೆರಿಕನ್ ಹೆಂಗಸು ಕೆಂಪಗಾದ ನನ್ನನ್ನು ನೋಡಿ ಮುಖ ಅರಳಿಸಿ, ಕೈ ಬೀಸಿ, ‘ಹ್ಯಾಪಿ ಹೋಲಿ!’ ಎಂದಳು. ಭಾವನವರು ಸಭ್ಯಸ್ಥರು, ‘ಥ್ಯಾಂಕ್ ಯು, ಸೇಮ್ ಟು ಯು,’ ಎಂದರು. ಮಗಳು ನಕ್ಕು ನಕ್ಕು ಬಂಡೆಯಿಂದ ಜಾರಿದಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಕ್ಕಳು, ಅಕ್ಕ ನಕ್ಕಳು! ಇದೇ ಸಮಯ ಎಂದು ನಾನು ಬಾಯಿ ತೆರೆದೆ, ‘ತಪ್ಪಾತು’ ಎನ್ನಲಿಕ್ಕಲ್ಲ, ಒಂದು ಜೋಕ್ ಹೇಳಲಿಕ್ಕೆ. ನನ್ನ ಜಾತಕವೇ ಹಾಗೆ.

ಜೋಕ್ ಹೊರಬರಲಿಲ್ಲ. ಕೆಮ್ಮು ಬಂತು. ಖಾರದ ಪುಡಿ ಗಂಟಲಿಗೆ ಇಳಿದಿತ್ತು. ಕೆಮ್ಮಿದೆ, ಕೆಮ್ಮಿದೆ, ನಿಲ್ಲಲೇ ಇಲ್ಲ. ಒಳಗೆ ಎಳೆದುಕೊಳ್ಳಲು ಗಾಳಿಯೇ ಸಾಲದು. ಎದೆಯೊಳಗೆ ಎಲ್ಲೋ ಸುಂಯ್ ಎಂದು ಸಣ್ಣ ಸದ್ದು ಶುರುವಾಯಿತು. ಆ ಸದ್ದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನನಗೆ ದಮ್ಮು ಇತ್ತು. ಹೈಸ್ಕೂಲು ಮುಗಿಯುವಷ್ಟರಲ್ಲಿ ಬಿಟ್ಟುಹೋಗಿತ್ತು, ನಾನು ಅದನ್ನು ಮರೆತೇಬಿಟ್ಟಿದ್ದೆ. ನಿಜವಾಗಿ ಹೆದರಿದೆ.

‘ಏ, ಕೂಡು ಇಲ್ಲೆ! ಮುಂದಕ್ಕ ಬಾಗು!’

ಭಾವನವರಿಗಲ್ಲ. ಮಗಳಿಗಲ್ಲ. ನನಗೆ.

ಅಕ್ಕ ಬಂಡೆ ದಾಟಿ ಬಂದು ನನ್ನ ಭುಜ ಹಿಡಿದು ಕೂರಿಸಿದಳು. ಬಾಟಲಿಯ ನೀರು ಸುರಿದು ಮುಖ ತೊಳೆದಳು, ಬಾಯಿ ಮುಕ್ಕಳಿಸಲು ಹೇಳಿದಳು. ಹೆಗಲ ಚೀಲಕ್ಕೆ ಕೈಹಾಕಿ ಒಂದು ಇ‌ನ್ಹೇಲರ್ ತೆಗೆದು ನನ್ನ ಬಾಯಿಗಿಟ್ಟಳು. ‘ಎಳಕೊ. ಹಿಡಕೊ. ಬಿಡು. ಮತ್ತೊಮ್ಮೆ.’ ಆಪರೇಷನ್ ಥಿಯೇಟರಿನಲ್ಲಿ ಅವಳ ದನಿ ಹೇಗಿರುತ್ತದೆಂದು ನನಗೆ ಅಂದು ತಿಳಿಯಿತು. ನಾಲ್ಕೈದು ನಿಮಿಷದಲ್ಲಿ ಎದೆ ಸ್ವಲ್ಪ ಸಡಿಲವಾಯಿತು.

ಮಗಳು ನಗು ನಿಲ್ಲಿಸಿ ಹತ್ತಿರ ಬಂದಿದ್ದಳು. ‘ಅಮ್ಮಾ, ವೈ ಡು ಯು ಹ್ಯಾವ್ ಆ್ಯನ್ ಇನ್ಹೇಲರ್? ನಮ್ಮನಿಯೊಳಗ ಯಾರಿಗೂ ಆಸ್ತಮಾ ಇಲ್ಲಲ್ಲ?’ ಗಾಬರಿಗೆ ಅವಳ ಬಾಯಿಂದ ಕನ್ನಡ ಬಂದಿತ್ತು.

‘ಇವಗ ಇತ್ತು,’ ಎಂದಳು ಅಕ್ಕ. ‘ಇವ ಬರ್ತಾನಂದ್ರ ನನ್ನ ಚೀಲದೊಳಗ ಒಂದು ಇದ್ದ ಇರ್ತದ. ಹಳೇದಾದ್ರ ಹೊಸಾದು ಇಡ್ತೀನಿ.’

ನನಗೆ ಅದು ಗೊತ್ತೇ ಇರಲಿಲ್ಲ. ಭಾವನವರ ಅರವತ್ತರ ಶಾಂತಿಯ ದಿನವೂ ಇತ್ತೇನು ಎಂದು ಕೇಳಬೇಕೆನಿಸಿತು. ಕೇಳುವ ಧೈರ್ಯ ಬರಲಿಲ್ಲ.

‘ನಾ ಸೀದಾ ನಿನಗ ಹೇಳಿದ್ರ ಡಬ್ಬಿ ಬ್ಯಾರೆ ಕಡೆ ಹಿಡಿತಿದ್ದಿ,’ ಎಂದಳು. ಅವಳ ಕೈ ಇನ್ನೂ ನನ್ನ ಬೆನ್ನ ಮೇಲಿತ್ತು. ‘ಆವತ್ತು ಎಲ್ಲಾರ ಮುಂದ ನನ್ನಂಗ ಮಾಡಿ ತೋರಿಸಿದಿ. ಜನ ನಕ್ಕರಂತ ನನಗ ಸಿಟ್ಟಿಲ್ಲೊ. ಫೋನಿನ್ಯಾಗ ನಾ ಯಾಕ ಸುಮ್ಮನಿರ್ತಿದ್ದೆ ಅಂತ ನೀ ಇಷ್ಟು ವರ್ಷದಾಗ ಒಮ್ಮೆನೂ ಕೇಳಲಿಲ್ಲ.’

‘ಯಾಕ?’ ಎಂದೆ.

‘ನಾ ಬರೋವಾಗ ನಿನಗ ದಮ್ಮು ಭಾಳ ಇತ್ತು. ರಾತ್ರಿಯೆಲ್ಲಾ ನಿನ್ನ ನನ್ನ ಎದಿಗೆ ಆನಿಸ್ಕೊಂಡು ಕೂಡ್ತಿದ್ದೆ. ಇಲ್ಲಿಗೆ ಬಂದ ಮ್ಯಾಲೆ ಅವ್ವನ್ನ ಕೇಳಿದ್ರ ಆರಾಮ ಇದ್ದಾನಂತಿದ್ಲು. ನಾ ಕಾಳಜಿ ಮಾಡಬಾರದಂತ ಹಂಗ ಅಂತಾಳಂತ ನನಗ ಗೊತ್ತಿತ್ತು. ಅದಕ್ಕ ಫೋನ್ ನಿನ್ನ ಕೈಯಾಗ ಕೊಡಸ್ತಿದ್ದೆ. ನೀ ಹಲೋ ಹಲೋ ಅಂತಿದ್ದಿ, ನಡುನಡುವ ಉಸಿರು ತೊಗೊತಿದ್ದಿ. ನಾ ಅದನ್ನ ಕೇಳ್ತಿದ್ದೆ, ಎಷ್ಟು ಎಳೀತದ, ಸುಂಯ್ ಅಂತದೇನು ಅಂತ. ನಾ ಮಾತಾಡಿದ್ರ ನಿನ್ನ ಉಸಿರು ಕೇಳಸ್ತಿದ್ದಿಲ್ಲ.’

ಭಾವನವರು ಆ ಕಡೆ ತಿರುಗಿ ನಿಂತರು. ಮಗಳು ಅಕ್ಕನ ಪಕ್ಕ ಬಂದು ಕೂತಳು. ನಾನು ಇಷ್ಟು ವರ್ಷ ಆ ಫೋನಿನ ಕಥೆಯನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೆ! ಯುಗಾದಿಗೆ, ಗಣಪತಿಗೆ, ಗೆಳೆಯರ ಮನೆಯ ಊಟಕ್ಕೆ. ಎಲ್ಲ ಕಡೆ ನಗೆ ಗಿಟ್ಟಿಸಿದ್ದೆ. ನನಗೆ ನಾಚಿಕೆಯಾಯಿತು, ಹೇಳಲಾರದಷ್ಟು ನಾಚಿಕೆಯಾಯಿತು.

‘ತಪ್ಪಾತು ಅಕ್ಕಾ,’ ಎಂದೆ. ಕನ್ನಡಿಯ ಮುಂದೆ ಹೇಳಿದ ಯಾವ ಥರವೂ ಅದು ಇರಲಿಲ್ಲ. ಮೂಗು ಸೋರುತ್ತಿತ್ತು, ಗಂಟಲಲ್ಲಿ ಖಾರ, ಅರ್ಧ ಅಕ್ಷರ ಕೆಮ್ಮಿನಲ್ಲಿ ಹೋಯಿತು. ಇನ್ನೂ ಏನೇನೋ ಹೇಳಬೇಕೆಂದು ಬಾಯಿ ತೆರೆದೆ.

‘ಬಾಯಿ ಮುಚ್ಚು,’ ಎಂದಳು ಅಕ್ಕ. ‘ಇನ್ನೂ ಎಳೀಲಿಕ್ಕೆ ಹತ್ಯದೇನು ನೋಡ್ತೀನಿ. ಜೋರಾಗಿ ಉಸಿರು ತೊಗೊ.’

ಸ್ಟೆತಸ್ಕೋಪು ತಂದಿರಲಿಲ್ಲ. ಮಂಕಿ ಟೋಪಿ ತೆಗೆದು ಪಕ್ಕಕ್ಕಿಟ್ಟು, ನನ್ನ ಬೆನ್ನಿಗೆ ಕಿವಿ ಹಚ್ಚಿ ಕೂತಳು. ನಾನು ಉಸಿರು ತೆಗೆದುಕೊಂಡೆ, ಬಿಟ್ಟೆ. ಎದೆ ಆಗಲೇ ಸರಿಹೋಗಿತ್ತು, ಅದು ನನಗೂ ಗೊತ್ತಿತ್ತು, ಮೂವತ್ತು ವರ್ಷ ಡಾಕ್ಟರಾಗಿದ್ದವಳಿಗೆ ಗೊತ್ತಿರಲಿಲ್ಲವೇ? ಆದರೂ ಬಹಳ ಹೊತ್ತು ಅವಳು ಕಿವಿ ತೆಗೆಯಲಿಲ್ಲ. ನಾನೂ ಅಲುಗಾಡಲಿಲ್ಲ.